ಬಿಸಿಲು ಸೀಮೆಯ ಮನೆವಾರ್ತೆ



ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಇವೆರಡರ ನಡುವೆ ನಮ್ಮ ರಾಯಚೂರು ಸೀಮೆ. ಭೂಪಟವನ್ನು ಮೊದಲ ಸಲ ನೋಡುವ ಬಾಲಿಕೆಯು ಈ ನಾಡಿನಲ್ಲಿ ನೀರಿಗೆ ಕೊರತೆಯೇ ಇರಲಾರದೆಂದು ತಿಳಿದರೆ ಆಶ್ಚರ್ಯವಿಲ್ಲ. ಈ ದೋಆಬಿನ ಭೂಮಿಗಾಗಿಯೇ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದವರೂ, ವಿಜಯನಗರದ ಅರಸರೊಡನೆ ತಲೆಮಾರುಗಳ ವರೆಗೆ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರ ಕೋಟೆಯನ್ನು ಗೆದ್ದ ಸಂಗತಿಯು ಶಾಲೆಯಲ್ಲಿ ಚರಿತ್ರೆಯನ್ನು ಓದಿದವರಿಗೆಲ್ಲ ನೆನಪಿರಬಹುದು. ಹೀಗಿದ್ದರೂ ಬೇಸಗೆ ಬಂದಿತೆಂದರೆ ದೇವದುರ್ಗ, ಮಾನವಿ ತಾಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಕೊಡವನ್ನು ಹೊತ್ತು ದೂರ ನಡೆಯುವ ಕಷ್ಟವು ಹೆಂಗಸರಿಗೂ ಹುಡುಗಿಯರಿಗೂ ಇನ್ನೂ ತಪ್ಪಿಲ್ಲ. ಮಳೆಯು ಸೋತ ವರುಷ ಅನೇಕ ಕುಟುಂಬಗಳು ಮನೆಗೆ ಬೀಗವಿಟ್ಟು, ಕೂಸುಗಳನ್ನು ಕಟ್ಟಿಕೊಂಡು, ಬೆಂಗಳೂರು ಹೈದರಾಬಾದುಗಳ ಕಡೆಗೆ ಗುಳೆ ಹೋಗುವವು. ಆಗ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲು ಖಾಲಿಯಾಗುವ ಸಾಲು ಹೆಣ್ಣುಮಕ್ಕಳದೇ. ೨೦೧೧ರ ಜನಗಣತಿಯ ಪ್ರಕಾರ ಈ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐವತ್ತಕ್ಕಿಂತ ಕಡಮೆಯಿದ್ದರು. ಆದುದರಿಂದ ಹವಾಮಾನದ ಮಾತು ಪಂಡಿತರ ಮಾತಷ್ಟೇ ಎಂದು ನಾವು ಸುಮ್ಮನಿರಲಾಗದು. ಅದು ನಮ್ಮ ಹುಡುಗಿಯರ ಪಾಟಿಚೀಲಕ್ಕೆ ತಗಲಿದ ಮಾತು.

ಬರವು ಈ ಸೀಮೆಗೆ ಹೊಸತಲ್ಲ. ೧೮೭೬ರಿಂದ ೧೮೭೮ರ ವರೆಗೆ ದಕ್ಷಿಣ ದೇಶವನ್ನೆಲ್ಲ ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಮುತ್ತಜ್ಜಿಯರ ತಾಯಂದಿರು ಕಂಡಿದ್ದರು. ಪಡುವಣ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ಕರಾವಳಿಗೂ ಮಲೆನಾಡಿಗೂ ಮಳೆಯನ್ನು ಸುರಿಸಿಬಿಡುವುದರಿಂದ, ಘಟ್ಟದ ಈಚೆಗಿರುವ ನಮಗೆ ವರುಷಕ್ಕೆ ಸುಮಾರು ೨೫ ಅಂಗುಲದಷ್ಟು ಮಳೆಯೇ ದೊರೆಯುವುದು. ಅದೂ ಕೆಲವೇ ವಾರಗಳೊಳಗೆ ಬಂದು ಹೋಗುವುದು. ಆದರೆ ಹಿರಿಯರು ಕಂಡುದಕ್ಕೂ ನಾವು ಕಾಣುತ್ತಿರುವುದಕ್ಕೂ ವ್ಯತ್ಯಾಸವುಂಟು. ೨೦೦೯ನೆಯ ಇಸವಿಯನ್ನು ನೆನೆಯಿರಿ. ಆ ವರುಷ ದೇಶದಲ್ಲೆಲ್ಲ ಮುಂಗಾರು ಸೋತಿತ್ತು. ರೈತರು ಬಾನನ್ನು ನೋಡಿ ನೋಡಿ ದಣಿದಿದ್ದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಮಳೆಯು ಹಿಡಿಯಿತು. ಕೆಲವೇ ದಿನಗಳಲ್ಲಿ ಹೊಳೆಗಳೆರಡೂ ಉಕ್ಕಿ ಹರಿದವು. ಅಕ್ಟೋಬರ್ ೨ರಂದು ತುಂಗಭದ್ರೆಯ ಆಚೆಯ ದಡದ ಮಂತ್ರಾಲಯವೂ ಕರ್ನೂಲು ಪಟ್ಟಣವೂ ಮುಳುಗಿದವು. ಈಚೆಯ ದಡದ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದವು. ಬರವೂ ನೆರೆಯೂ ಒಂದೇ ವರುಷದಲ್ಲಿ! ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯು ಮತ್ತೆ ಉಕ್ಕಿ, ದೇವದುರ್ಗದಿಂದ ಶಹಾಪುರಕ್ಕೆ ಹೋಗುವ ದಾರಿಯ ಹೂವಿನಹೆಡಗಿ ಸೇತುವೆಯು ನೀರಿನಲ್ಲಿ ಮುಳುಗಿತು. ನಾಲ್ಕು ವರುಷ ಕಳೆದು ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ನ್ನು ಸರಕಾರವು ಬರಪೀಡಿತವೆಂದು ಸಾರಬೇಕಾಯಿತು.

ಇದಕ್ಕೆ ಕಾರಣವೇನು? ಕಲ್ಲಿದ್ದಲು, ಪೆಟ್ರೋಲು, ಕಟ್ಟಿಗೆ ಮೊದಲಾದುವುಗಳನ್ನು ಉರಿಸಿದಾಗ ಅಂಗಾರಾಮ್ಲವೆಂಬ ವಾಯುವು ಹುಟ್ಟುವುದು. ಈಗಿನ ಪಠ್ಯಪುಸ್ತಕಗಳು ಇದನ್ನೇ ಇಂಗಾಲದ ಡೈಆಕ್ಸೈಡು ಎಂದು ಕರೆಯುವವು. ಈ ವಾಯುವಿನ ಗುಣವನ್ನು ಮೊದಲಿಗೆ ಪ್ರಯೋಗದಿಂದ ತೋರಿಸಿದವರಲ್ಲಿ ಒಬ್ಬಳು ಹೆಂಗಸೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಅರಿಯತಕ್ಕದ್ದು. ಅಮೆರಿಕೆಯ ಯೂನಿಸ್ ಫೂಟ್ ಎಂಬಾಕೆಯು ೧೮೫೬ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ, ಉಷ್ಣಮಾಪಕಗಳನ್ನಿಟ್ಟು ಬಿಸಿಲಿನಲ್ಲಿರಿಸಿದಳು. ಅಂಗಾರಾಮ್ಲವಿದ್ದ ಕೊಳವೆಯು ಉಳಿದವುಗಳಿಗಿಂತ ಹೆಚ್ಚು ಕಾದಿತು. ನೆರಳಿಗೆ ತಂದ ಮೇಲೆ ಆರುವುದಕ್ಕೂ ಹೆಚ್ಚು ಹೊತ್ತು ಹಿಡಿಯಿತು. ಇಂಥ ವಾಯುವು ಆಕಾಶದಲ್ಲಿ ಹೆಚ್ಚಿದರೆ ಭೂಮಿಯು ಬಿಸಿಯಾದೀತೆಂದು ಆಕೆಯು ಅಂದೇ ಊಹಿಸಿದಳು. ಯಂತ್ರಗಳ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮೦ ಭಾಗವಿದ್ದ ಅಂಗಾರಾಮ್ಲವು ಈಗ ೪೨೦ನ್ನು ಮೀರಿದೆ. ಭೂಮಿಯು ರಾತ್ರಿಯಲ್ಲಿ ಹೊರಗೆ ಬಿಡಬೇಕಾದ ಕಾವನ್ನು ಅದು ಕಂಬಳಿಯಂತೆ ಹಿಡಿದಿಡುವುದು. ೧೮೫೦ರಿಂದ ೧೯೦೦ರ ವರೆಗಿನ ಕಾಲಕ್ಕೆ ಹೋಲಿಸಿದರೆ, ೨೦೧೧ರಿಂದ ೨೦೨೦ರ ವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆಯು ೧.೧ ಡಿಗ್ರಿಯಷ್ಟು ಏರಿತ್ತು.

ಒಂದು ಡಿಗ್ರಿಯಿಂದ ಏನಾದೀತೆಂದು ಕೇಳುವವರುಂಟು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆದಕಾರಣ ಮಳೆಯಿಲ್ಲದ ದಿನಗಳಲ್ಲಿ ಅದು ಹೊಲ ಕೆರೆಗಳ ತೇವವನ್ನು ಹೆಚ್ಚಾಗಿ ಹೀರುವುದು. ಮಳೆ ಬಂದಾಗ ಹೆಚ್ಚಾಗಿ ಒಮ್ಮೆಲೇ ಸುರಿಯುವುದು. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳೆಂಬುದು ಇದರಿಂದ ತಿಳಿಯುವುದು. ಪ್ರತಿಯೊಂದು ಬರವನ್ನೂ ಪ್ರತಿಯೊಂದು ನೆರೆಯನ್ನೂ ಈ ಕಾವಿನ ತಲೆಗೆ ಕಟ್ಟುವುದು ಸರಿಯಲ್ಲ. ಹಿಂದೆಯೂ ಅವು ಬರುತ್ತಿದ್ದವು. ಆದರೆ ಕಾವು ಏರಿದಂತೆ ಅವುಗಳ ಬಿರುಸೂ ಏರುವುದೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಪರಿಹಾರವು ಎರಡು ಬಗೆಯದೆಂದು ಬಲ್ಲವರು ಹೇಳುವರು. ಕಾವಿಗೆ ಕಾರಣವಾದ ವಾಯುಗಳನ್ನು ತಗ್ಗಿಸುವುದು ಒಂದು. ಈಗಾಗಲೇ ಬಂದೊದಗಿದ ಕಾವಿನೊಡನೆ ಬಾಳುವುದನ್ನು ಕಲಿಯುವುದು ಇನ್ನೊಂದು. ಮೊದಲನೆಯದು ದೊಡ್ಡ ರಾಷ್ಟ್ರಗಳ ಕೆಲಸ, ಎರಡನೆಯದು ಬಡವರ ಪಾಲು ಎಂದು ಕೆಲವರು ಎಣಿಸುವರು. ನಮ್ಮ ಸೀಮೆಯಲ್ಲಿ ಇವೆರಡೂ ಬಹುಮಟ್ಟಿಗೆ ಒಂದೇ ಕೆಲಸದ ಎರಡು ಫಲಗಳು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ನೀರನ್ನೂ ಉರುವಲನ್ನೂ ಅಂಕೆಯಲ್ಲಿಟ್ಟು ನಡೆಸುವ ಮನೆವಾರ್ತೆಯು ನಮ್ಮನ್ನೂ ಕಾಯುವುದು, ಲೋಕದ ಭಾರವನ್ನೂ ಇಳಿಸುವುದು.

ಹೊಲದಿಂದ ಆರಂಭಿಸುವೆವು. ಒಣ ಬೇಸಾಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸುವುದಕ್ಕಾಗಿ ೧೯೩೩ರಿಂದ ೧೯೩೫ರ ಅವಧಿಯಲ್ಲಿ ಹಿಂದೂಸ್ಥಾನದಲ್ಲಿ ಐದು ಕೇಂದ್ರಗಳು ಏರ್ಪಟ್ಟವು. ರೋಹ್ತಕ್, ಸೊಲ್ಲಾಪುರ, ಬಿಜಾಪುರ, ಹಗರಿ, ಇವುಗಳೊಡನೆ ಐದನೆಯದು ನಮ್ಮ ರಾಯಚೂರೇ. ಅವು ಕಲಿಸಿದ ಪಾಠವು ಸರಳವಾದುದು: ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಸೇರಿಸುವುದು, ಸಾಲುಗಳನ್ನು ಅಗಲವಾಗಿ ಬಿತ್ತುವುದು, ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸಿ ತೇವವನ್ನು ಉಳಿಸುವುದು, ಇವೇ ಅದರ ಅಂಗಗಳು. ಹಿಂಗಾರಿ ಬಿತ್ತನೆಗೆ ಮುಂಚೆ ಎರೆಯ ಹೊಲದಲ್ಲಿ ಚಿಕ್ಕ ಚಿಕ್ಕ ಚೌಕು ಮಡಿಗಳನ್ನು ಕಟ್ಟಿದರೆ ಸೆಪ್ಟೆಂಬರಿನ ದೊಡ್ಡ ಮಳೆಯು ಹಳ್ಳದ ಪಾಲಾಗದೆ ಬೇರಿಗೆ ಇಳಿಯುವುದು. ಹೊಲದ ತಗ್ಗಿನಲ್ಲಿ ಕೃಷಿ ಹೊಂಡವನ್ನು ತೋಡಿದರೆ, ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಒಂದೆರಡು ಸಲ ನೀರು ಹಾಯಿಸಬಹುದು. ಎರೆಯಲ್ಲಿ ನೀರು ತಕ್ಕಮಟ್ಟಿಗೆ ನಿಲ್ಲುವುದು, ಮಸಾರಿಯಲ್ಲಿ ಇಂಗಿಹೋಗುವುದರಿಂದ ತಳಕ್ಕೆ ಹಾಳೆಯನ್ನು ಹಾಸಬೇಕಾಗುವುದು. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯು ಇಂಥ ಹೊಂಡಗಳಿಗೆ ಸಹಾಯಧನವನ್ನು ಒದಗಿಸಿತು. ಮಳೆ ನಿಲ್ಲಿಸಿದ ಹೊಲದಿಂದ ಮಣ್ಣೂ ಕೊಚ್ಚಿ ಹೋಗದು; ತಿಪ್ಪೆಗೊಬ್ಬರವು ಸೇರಿದ ಮಣ್ಣು ಗಾಳಿಯ ಇಂಗಾಲವನ್ನು ತನ್ನಲ್ಲಿ ಹುದುಗಿಸಿಕೊಳ್ಳುವುದು. ಇದೇ ಒಂದು ಕೈಯ ಎರಡು ಕೆಲಸ.

ಬೆಳೆಯ ಆಯ್ಕೆಯೂ ಅಂಥದೇ. ನಮ್ಮ ಅಜ್ಜಿಯರು ಬಿಳಿಜೋಳ, ಸಜ್ಜೆ, ತೊಗರಿ, ಕಡಲೆ, ಕುಸುಬೆ ಎಂದು ಹಲವನ್ನು ಬಿತ್ತಿಸುತ್ತಿದ್ದರು. ಅಕ್ಕಡಿ ಸಾಲುಗಳಲ್ಲಿ ಒಂದು ಸೋತರೆ ಇನ್ನೊಂದು ಮನೆಯನ್ನು ಕಾಯುತ್ತಿತ್ತು. ಹಗೇವಿನಲ್ಲಿ ತುಂಬಿದ ಜೋಳವು ಬರದ ವರುಷಕ್ಕೆ ಆಧಾರವಾಗುತ್ತಿತ್ತು. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರುಷವೆಂದು ಆಚರಿಸಿದಾಗ, ನಮ್ಮ ರೊಟ್ಟಿಯ ಜೋಳ, ಸಜ್ಜೆಗಳಿಗೇ ಲೋಕವು ಗೌರವವನ್ನು ಸಲ್ಲಿಸಿತು. ಬಡವರ ಅನ್ನವೆಂದು ಯಾರೂ ರೊಟ್ಟಿಯನ್ನು ಹೀಗಳೆಯದಿರಲಿ.

ಇನ್ನು ಕಾಲುವೆಯ ವಿಷಯ. ತುಂಗಭದ್ರಾ ಅಣೆಕಟ್ಟಿಗೆ ೧೯೪೫ರಲ್ಲಿ ಅಸ್ತಿಭಾರವನ್ನು ಇಡಲಾಯಿತು. ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು, ಸ್ವಲ್ಪ ಸ್ವಲ್ಪ ನೀರನ್ನು ವಿಸ್ತಾರವಾದ ಭೂಮಿಗೆ ಹಂಚಿ ಒಣ ಬೆಳೆಗಳನ್ನು ಬರದಿಂದ ರಕ್ಷಿಸಬೇಕೆಂಬುದು. ಆದರೆ ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ಕೈಹಾಕಿದರು. ಭತ್ತದಿಂದ ಹಣವೂ ಬಂದಿತು. ಭತ್ತವು ಜೋಳದ ಹಲವು ಪಾಲು ನೀರನ್ನು ಕುಡಿಯುವುದರಿಂದ ಕೆಳಭಾಗದ ಮಾನವಿ, ರಾಯಚೂರು ತಾಲೂಕುಗಳ ರೈತರಿಗೆ ಕಾಲುವೆಯಿದ್ದರೂ ನೀರಿಲ್ಲದಂತಾಯಿತು. ಮೇಲಿನವರ ಹೊಲಗಳಲ್ಲಿ ಸವಳು ಜವಳು ಹಬ್ಬಿತು. ಜಲಾಶಯವಾದರೋ ಹೂಳು ತುಂಬಿ, ಮೊದಲಿದ್ದ ಸುಮಾರು ೧೩೩ ಶತಕೋಟಿ ಘನ ಅಡಿಗಳ ಹಿಡಿತದಿಂದ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅದರ ೩೩ ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿ ಹೋಗಿ, ತುಂಬಿದ ನೀರು ಕಣ್ಣೆದುರಿಗೇ ಹರಿದುಹೋಯಿತು. ಕೆಲವು ದಿನಗಳಲ್ಲಿ ತಾತ್ಕಾಲಿಕ ಬಾಗಿಲನ್ನು ಇಳಿಸಿ ಉಳಿದ ನೀರನ್ನು ರಕ್ಷಿಸಿದ ಕುಶಲಿಗರನ್ನು ನಾವು ನೆನೆಯಬೇಕು. ಆದರೆ ಆ ರಾತ್ರಿಯು ಒಂದು ಪಾಠವನ್ನೂ ಕಲಿಸಿತು: ಒಂದೇ ಅಣೆಕಟ್ಟನ್ನು ನಂಬಿ ಕುಳಿತುಕೊಳ್ಳುವುದು ಒಂದೇ ಹಗ್ಗದಿಂದ ಬಾವಿಗೆ ಇಳಿದಂತೆ.

ಭತ್ತವನ್ನು ಬೆಳೆಯಲೇಬಾರದೆಂದು ಹೇಳುವವರು ನಾವಲ್ಲ. ಸದಾ ನೀರು ನಿಂತ ಗದ್ದೆಯ ಕೆಸರಿನಿಂದ ಮೀಥೇನು ಎಂಬ ವಾಯುವು ಏಳುವುದು. ಅದು ಕಾವನ್ನು ಹಿಡಿದಿಡುವುದರಲ್ಲಿ ಅಂಗಾರಾಮ್ಲವನ್ನು ಬಹಳ ಮೀರಿದ್ದು. ಸಸಿಯನ್ನು ನಾಟಿ ಮಾಡದೆ ಕೂರಿಗೆಯಿಂದ ನೇರವಾಗಿ ಬಿತ್ತುವ ಕೂರಿಗೆ ಭತ್ತದ ಪದ್ಧತಿಯೂ, ಗದ್ದೆಯನ್ನು ಒಮ್ಮೆ ತೋಯಿಸಿ ಒಮ್ಮೆ ಆರಗೊಡುವ ಪದ್ಧತಿಯೂ ನೀರನ್ನು ಉಳಿಸುವವು, ಮೀಥೇನನ್ನೂ ತಗ್ಗಿಸುವವು. ಕೂರಿಗೆ ಭತ್ತದಲ್ಲಿ ಕಳೆಯ ಕಾಟವು ಹೆಚ್ಚೆಂಬುದು ನಿಜ; ಅದಕ್ಕೆ ಮೊದಲಿನಿಂದಲೇ ಎಚ್ಚರ ಬೇಕು. ೨೦೦೯ರಿಂದ ರಾಯಚೂರಿನಲ್ಲಿಯೇ ಇರುವ ಕೃಷಿ ವಿಶ್ವವಿದ್ಯಾಲಯದ ತಜ್ಞರಿಂದ ಇದನ್ನು ಕೇಳಿ ತಿಳಿಯಬಹುದಾಗಿದೆ. ಮೇಲಿನವನು ಉಳಿಸಿದ ನೀರು ಕೆಳಗಿನವನ ಹೊಲಕ್ಕೆ ತಲುಪಿದರೆ, ಕೆಳಗಿನ ಹಳ್ಳಿಯ ಹುಡುಗಿಯು ಗುಳೆ ಹೋಗದೆ ಶಾಲೆಗೆ ಬರುವಳು.

ಹೊಲದಿಂದ ಮನೆಗೆ ಬರೋಣ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕವನ್ನು ಐದನೆಯ ತರಗತಿಯ ಬಾಲಿಕೆಯೂ ಮಾಡಬಲ್ಲಳು. ೫೦ ಚದರ ಮೀಟರಿನ ಮಾಳಿಗೆಯ ಮೇಲೆ ವರುಷಕ್ಕೆ ೬೦೦ ಮಿಲಿಮೀಟರ್ ಮಳೆಯಾದರೆ ೩೦,೦೦೦ ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ ೨೪,೦೦೦ ಲೀಟರ್ ಉಳಿಯುವುದು. ಕೊಡಕ್ಕೆ ೧೫ ಲೀಟರಿನಂತೆ ೧,೬೦೦ ಕೊಡ! ಇಷ್ಟು ಕೊಡಗಳನ್ನು ತಾಯಿಯ ತಲೆಯಿಂದ ಇಳಿಸಲು ಬೇಕಾದುದು ಒಂದು ಕೊಳವೆ, ಮರಳು ಜಲ್ಲಿಗಳ ಒಂದು ಸೋಸುಗುಂಡಿ, ಮುಚ್ಚಿದ ಒಂದು ತೊಟ್ಟಿ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತುಂಬಿಸಿ, ಕುಡಿಯುವುದಾದರೆ ಕುದಿಸಿ ಆರಿಸಿ ಕುಡಿಯತಕ್ಕದ್ದು. ರಾಯಚೂರು ಪಟ್ಟಣದ ಮಾವಿನಕೆರೆ, ಖಾಸಬಾವಿಗಳನ್ನು ಕಟ್ಟಿಸಿದ ಹಿಂದಿನವರಿಗೆ ಈ ವಿವೇಕವಿತ್ತು. ಕೆರೆಬಾವಿಗಳನ್ನು ಕಸದ ಗುಂಡಿಗಳಾಗಲು ಬಿಡುವುದು ಅವರಿಗೆ ಮಾಡುವ ಅಪಚಾರವೇ ಸರಿ.

ಬೇಸಗೆಯಲ್ಲಿ ನಮ್ಮಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವುದು ವಾಡಿಕೆ. ಹಳೆಯ ಕಾಲದ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯು ಹಗಲಿನ ಕಾವನ್ನು ಒಳಗೆ ಬಿಡುತ್ತಿರಲಿಲ್ಲ. ಈಗಿನ ತಗಡಿನ ಸೂರೂ ಸಿಮೆಂಟಿನ ಚಾವಣಿಯೂ ಕಾದ ಹಂಚಿನಂತೆ ಆಗುವವು. ಚಾವಣಿಗೆ ಬೇಸಗೆಯ ಮೊದಲಿಗೆ ಸುಣ್ಣವನ್ನು ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗಿ, ಮನೆಯು ತಂಪಾಗುವುದು. ಅಹಮದಾಬಾದಿನ ಪುರಸಭೆಯವರು ೨೦೧೦ರ ಭೀಕರ ಬಿಸಿಲಿನಿಂದ ಪಾಠ ಕಲಿತು, ೨೦೧೩ರಲ್ಲಿ ಬಿಸಿಲನ್ನು ಎದುರಿಸುವ ಕ್ರಮಪಟ್ಟಿಯೊಂದನ್ನು ಜಾರಿಗೆ ತಂದರು; ಆಮೇಲೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವುದೂ ಅದರಲ್ಲಿ ಸೇರಿತು. ಮನೆಯ ಪಡುವಣಕ್ಕೆ ಒಂದು ಬೇವಿನ ಮರವಿದ್ದರೆ ಮಧ್ಯಾಹ್ನದ ಬಿಸಿಲು ಗೋಡೆಯನ್ನು ಮುಟ್ಟದು. ಬೀಸಣಿಗೆಯ ವಿದ್ಯುತ್ತೂ ಉಳಿಯುವುದು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ ೮ರಿಂದ ಮಧ್ಯಾಹ್ನ ೧-೩೦ರ ವರೆಗೆ ನಡೆಸುವ ಪದ್ಧತಿಯುಂಟು. ಕಚೇರಿಯವರಿಗೆ ತಕ್ಕುದಾದುದು ಹೊಲದ ಕೂಲಿಯವಳಿಗೆ ಏಕೆ ತಕ್ಕುದಲ್ಲ? ಹೊಲದ ಯಜಮಾನರು ಕೂಲಿಯನ್ನು ಕಡಿಮೆ ಮಾಡದೆ, ಕೆಲಸವನ್ನು ನಸುಕಿಗೆ ಆರಂಭಿಸಿ ಮಧ್ಯಾಹ್ನಕ್ಕೆ ನಿಲ್ಲಿಸಬಹುದು.

ಬಿಸಿಲ ಹೊಡೆತದ ಗುರುತುಗಳನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಮೈ ಕೆಂಡದಂತೆ ಸುಡುವುದು, ಮಾತು ತೊದಲುವುದು, ಬುದ್ಧಿ ಮಂಕಾಗುವುದು, ಇವು ಅಪಾಯದ ಲಕ್ಷಣಗಳು. ಅಂಥವರನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರನ್ನು ಚಿಮುಕಿಸಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆಯಿಟ್ಟು, ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನು ಹಾಕಲೇಬಾರದು. ದಣಿವಷ್ಟೇ ಆಗಿದ್ದರೆ ಮಜ್ಜಿಗೆ, ಅಂಬಲಿಗಳಾಗಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವಾಗಲಿ ಸಾಕು. ಇಲ್ಲಿ ಚಮಚವೆಂದರೆ ಚಹದ ಸಣ್ಣ ಚಮಚ.

ನೆರೆಗೂ ಸಿದ್ಧತೆ ಬೇಕು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲ, ಕುರ್ವಕುರ್ದಗಳ ಜನರು ಹೊಳೆ ತುಂಬಿದಾಗ ಲೋಕದ ಸಂಪರ್ಕವನ್ನೇ ಕಳೆದುಕೊಳ್ಳುವರು. ಹೊಳೆಯ ದಡದ ಮನೆಗಳಲ್ಲಿ ಜೂನ್ ತಿಂಗಳಿನಿಂದಲೇ ಪಡಿತರ ಚೀಟಿ, ಹೊಲದ ಕಾಗದ, ಮಕ್ಕಳ ಅಂಕಪಟ್ಟಿಗಳನ್ನು ನೀರು ತಾಗದ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಬೇಕು. ಗರ್ಭಿಣಿಯರನ್ನೂ ರೋಗಿಗಳನ್ನೂ ನೀರು ಏರುವ ಮೊದಲೇ ಈಚೆಯ ದಡಕ್ಕೆ ಕರೆತರಬೇಕು. ಮುಳುಗಿದ ಸೇತುವೆಯ ಮೇಲೆ, ಎಂಥ ಅವಸರವಿದ್ದರೂ, ಕಾಲಿಡಬಾರದು.

ಇಷ್ಟು ಬರೆದು ಕಲ್ಲಿದ್ದಲಿನ ಮಾತನ್ನು ಬಿಟ್ಟರೆ ಲೇಖನವು ಅಪೂರ್ಣವಾದೀತು. ಕೃಷ್ಣೆಯ ದಡದ ಶಕ್ತಿನಗರದಲ್ಲಿ ೧೯೮೫ರಿಂದ ವಿದ್ಯುತ್ತನ್ನು ಹುಟ್ಟಿಸುತ್ತಿರುವ ಸ್ಥಾವರವು ಎಂಟು ಘಟಕಗಳಾಗಿ ಬೆಳೆದು ೧,೭೨೦ ಮೆಗಾವಾಟ್ ಸಾಮರ್ಥ್ಯವನ್ನು ಪಡೆಯಿತು. ಬಳಿಕ ಯರಮರಸಿನಲ್ಲಿ ೮೦೦ ಮೆಗಾವಾಟಿನ ಎರಡು ಘಟಕಗಳು ಎದ್ದವು. ನಾಡಿನ ಎಷ್ಟೋ ಮನೆಗಳ ದೀಪವು ನಮ್ಮ ಜಿಲ್ಲೆಯ ಕಲ್ಲಿದ್ದಲಿನ ಉರಿಯಿಂದ ಬೆಳಗಿದೆ. ಅಲ್ಲಿ ದುಡಿದು ಮಕ್ಕಳನ್ನು ಓದಿಸಿದ ಪೋಷಕರು ಈ ಪುಟಗಳನ್ನು ಓದುತ್ತಿರಲೂಬಹುದು. ಅವರ ದುಡಿಮೆಯನ್ನು ಜರೆಯುವುದು ಕೃತಘ್ನತೆ. ಆದರೆ ಯಾವ ಬಿಸಿಲಿಗೆ ನಾವು ಅಂಜುವೆವೋ ಅದೇ ಬಿಸಿಲು ದೀಪವನ್ನೂ ಹಚ್ಚಬಲ್ಲುದು. ತುಮಕೂರು ಜಿಲ್ಲೆಯ ಪಾವಗಡದ ಬಂಜರು ಭೂಮಿಯಲ್ಲಿ ೨,೦೫೦ ಮೆಗಾವಾಟಿನ ಸೌರ ಕ್ಷೇತ್ರವು ಎದ್ದಿದೆ. ಮನೆಯ ಮಾಳಿಗೆಯ ಮೇಲೆ ಸೌರ ಫಲಕಗಳನ್ನು ಹಾಕಿಸುವವರಿಗೆ ೨೦೨೪ರಲ್ಲಿ ಕೇಂದ್ರ ಸರಕಾರವು ಸಹಾಯಧನದ ಯೋಜನೆಯನ್ನು ಆರಂಭಿಸಿತು. ಕಲ್ಲಿದ್ದಲು ಹಿಂದೆ ಸರಿಯುವ ಕಾಲಕ್ಕೆ ನಮ್ಮ ಮಕ್ಕಳಿಗೆ ಸೌರವಿದ್ಯೆಯ ಕಸುಬನ್ನು ಈಗಿನಿಂದಲೇ ಕಲಿಸುವುದು ದೂರದೃಷ್ಟಿಯ ಲಕ್ಷಣ.

ಈ ಸೌರವಿದ್ಯೆಗೆ ನಮ್ಮ ದೇಶದಲ್ಲಿ ಅಸ್ತಿಭಾರ ಹಾಕಿದವರಲ್ಲಿ ಒಬ್ಬಾಕೆಯನ್ನು ಇಲ್ಲಿ ಸ್ಮರಿಸುವೆವು. ೧೯೧೮ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿಯವರು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ದುಡಿದು, ೧೯೪೮ರಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಪರದೇಶದಿಂದ ತರಿಸುತ್ತಿದ್ದ ಹವಾಮಾನದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದರು. ದೇಶದ ಯಾವ ಮೂಲೆಯಲ್ಲಿ ಎಷ್ಟು ಬಿಸಿಲು ಬೀಳುವುದೆಂಬುದನ್ನು ಅಳೆಯಿಸಿ ಗ್ರಂಥಗಳಲ್ಲಿ ಪ್ರಕಟಿಸಿದರು. ತಪ್ಪು ಅಳತೆಗಿಂತ ಅಳೆಯದಿರುವುದೇ ಮೇಲೆಂಬುದು ಅವರ ಕಟ್ಟುನಿಟ್ಟಿನ ನಿಲುವು. ಅವರ ಜಾಡಿನಲ್ಲಿ ನಮ್ಮ ಬಾಲಿಕೆಯರೂ ಒಂದು ಕೆಲಸವನ್ನು ಕೈಗೊಳ್ಳಬಹುದು. ನೆಟ್ಟಗಿನ ಗೋಡೆಯುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿ ಕದಲದಂತೆ ಇರಿಸಿ, ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಅಡ್ಡಪಟ್ಟಿಯಿಂದ ನೀರಿನ ಎತ್ತರವನ್ನು ಅಳೆದು, ಪುಸ್ತಕದಲ್ಲಿ ಬರೆದು, ನೀರನ್ನು ಚೆಲ್ಲಿಬಿಡಲಿ. ಹತ್ತು ವರುಷಗಳ ಅಂಥ ಪುಸ್ತಕವು ಊರಿಗೆ ಒಂದು ಆಸ್ತಿಯಾಗುವುದು. ಯಾವಾಗ ಬಿತ್ತಬೇಕು, ಹೊಂಡವು ಎಷ್ಟು ದೊಡ್ಡದಿರಬೇಕು ಎಂಬುದನ್ನು ಅದು ಹೇಳುವುದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ಮನೆಯೊಡತಿಯರು, ಉಪಾಧ್ಯಾಯಿನಿಯರು, ದಾದಿಯರು, ಪಂಚಾಯಿತಿಯ ಸದಸ್ಯೆಯರು. ಒಂದು ಮಾಳಿಗೆಯ ನೀರು, ಒಂದು ಹೊಲದ ಒಡ್ಡು, ಒಂದು ಬೇವಿನ ಸಸಿ, ಒಂದು ಸುಣ್ಣದ ಚಾವಣಿ, ಇವುಗಳಲ್ಲಿ ಒಂದನ್ನಾದರೂ ಈ ವರುಷ ನಿಮ್ಮ ಕೈಯಾರೆ ಮಾಡಿಸಿರಿ. ಪೋಷಕರೇ, ಬರದ ವರುಷ ಬಂದಾಗ ಗುಳೆ ಹೋಗುವುದು ಅನಿವಾರ್ಯವಾದರೂ ಮಗಳನ್ನು ಅಜ್ಜಿಯ ಮನೆಯಲ್ಲಾಗಲಿ ವಸತಿನಿಲಯದಲ್ಲಾಗಲಿ ಬಿಟ್ಟು, ಅವಳ ಓದನ್ನು ಮಾತ್ರ ನಿಲ್ಲಿಸಬೇಡಿರಿ. ಮಳೆಯು ಒಂದು ವರುಷ ತಪ್ಪಿದರೆ ಮುಂದಿನ ವರುಷ ಬಂದೀತು; ತಪ್ಪಿದ ತರಗತಿಯು ಹಿಂದಿರುಗಿ ಬರುವುದು ಅಪರೂಪ. ಮುಂದಿನ ಬರದ ವರುಷದಲ್ಲಿ ಹಾಜರಿ ಪುಸ್ತಕದ ಒಂದು ಹೆಸರಾದರೂ ಹೆಚ್ಚಾಗಿ ಉಳಿದರೆ ನಾವು ಈ ಮನೆವಾರ್ತೆಯನ್ನು ಕಲಿತೆವೆಂದು ತಿಳಿಯಬಹುದು.